ಆವೃತ್ತಿಗೆ ಒಂದು ಲೆಕ್ಕ, ರ‍್ಯಾಮ್‌ಗೆ ಇನ್ನೊಂದು

ಹಳೆಯ ಲ್ಯಾಪ್‌ಟಾಪ್ ತೆವಳತೊಡಗಿದಾಗ ಯಾರನ್ನು ಕೇಳಿದರೂ ಸಿಗುವ ಸಲಹೆ ಎರಡೇ: ವಿಂಡೋಸ್ ಬದಲಾಯಿಸಿ, ಇಲ್ಲವೇ ರ‍್ಯಾಮ್ ಹಾಕಿಸಿ. ಹೊಸ ವಿಂಡೋಸ್ ಭಾರ, ಹಳೆಯದೇ ಇರಲಿ ಅನ್ನುವವರು ಒಂದು ಕಡೆ. ರ‍್ಯಾಮ್ ದುಪ್ಪಟ್ಟಾದರೆ ಯಾವ ವಿಂಡೋಸ್ ಆದರೇನು ಅನ್ನುವವರು ಇನ್ನೊಂದು ಕಡೆ. ಇಂಥ ಯಂತ್ರಗಳ ಜೊತೆ ಏಗಿ ನಾನು ಕಂಡುಕೊಂಡದ್ದೆಂದರೆ, ಇವೆರಡಕ್ಕೂ ಲೆಕ್ಕ ಬೇರೆ ಬೇರೆ. ಯಾವ ಆವೃತ್ತಿ ಎಂಬುದನ್ನು ಕ್ಯಾಲೆಂಡರೂ ನಾವು ಬಳಸುವ ಸಾಫ್ಟ್‌ವೇರೂ ತೀರ್ಮಾನಿಸುತ್ತವೆ. ಎಷ್ಟು ರ‍್ಯಾಮ್ ಎಂಬುದನ್ನು ನಾವು ಒಮ್ಮೆಗೆ ತೆರೆದಿಟ್ಟುಕೊಳ್ಳುವ ಕೆಲಸ ತೀರ್ಮಾನಿಸುತ್ತದೆ. ನಿಧಾನ ಎಂಬ ದೂರಿಗೆ ಎಷ್ಟೋ ಸಲ ಈ ಎರಡೂ ಕಾರಣವಾಗಿರುವುದಿಲ್ಲ.

ಮೊದಲು ಆವೃತ್ತಿಯ ಮಾತು. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರ ಪಾಲಿನ ಭದ್ರತಾ ಅಪ್‌ಡೇಟ್‌ಗಳು 2020ರ ಜನವರಿ 14ಕ್ಕೆ ನಿಂತವು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ರಂದು ಬಂತು. ಹೆಸರು ನೋಂದಾಯಿಸಿದ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮುಂದುವರಿಸುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರಕ್ಕೆ ಈ ತಾರೀಕುಗಳೇ ಮುಖ್ಯ. ಆದರೂ 'ವಿಂಡೋಸ್ 7 ಎಷ್ಟು ಹಗುರವಾಗಿತ್ತು' ಎಂಬ ಹಳಹಳಿಕೆ ನಿಂತಿಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. 2009ರ ವಿಂಡೋಸ್ 7 ಮತ್ತು 2015ರ ವಿಂಡೋಸ್ 10, ಎರಡೂ ಕೇಳಿದ ಕನಿಷ್ಠ ರ‍್ಯಾಮ್ ಒಂದೇ: 32 ಬಿಟ್‌ಗೆ 1 ಜಿಬಿ, 64 ಬಿಟ್‌ಗೆ 2 ಜಿಬಿ. ಅದು 4 ಜಿಬಿಗೆ ಏರಿದ್ದು 2021ರ ವಿಂಡೋಸ್ 11ರಲ್ಲಿ. ಕನಿಷ್ಠ ಎಂದು ಬರೆದದ್ದರಲ್ಲಿ ನೆಮ್ಮದಿಯಾಗಿ ಕೆಲಸ ಮಾಡಲಾಗದು, ಒಪ್ಪುತ್ತೇನೆ. ಆದರೆ ಆ ವರ್ಷಗಳಲ್ಲಿ ನಿಜವಾಗಿ ಉಬ್ಬಿದ್ದು ಬ್ರೌಸರ್. ಕ್ರೋಮ್ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಾಗಿ ನಡೆಸುತ್ತದೆ; 2018ರ ಜನವರಿಯಲ್ಲಿ ಪ್ರೊಸೆಸರ್‌ಗಳ 'ಸ್ಪೆಕ್ಟರ್' ದೋಷ ಬಯಲಾದ ಮೇಲೆ ಅದೇ ವರ್ಷ ಒಂದೊಂದು ವೆಬ್‌ಸೈಟನ್ನೂ ಪ್ರತ್ಯೇಕ ಪ್ರೊಸೆಸ್‌ನಲ್ಲಿ ಕಟ್ಟಿಹಾಕುವ ವ್ಯವಸ್ಥೆ ಬಂತು. ಇದರಿಂದ ಮೆಮೊರಿ ಬಳಕೆ ಶೇ. 10ರಿಂದ 13ರಷ್ಟು ಹೆಚ್ಚುತ್ತದೆ ಎಂದು ಗೂಗಲ್ಲೇ ಹೇಳಿಕೊಂಡಿತು. ಕೆಳಗೆ ಯಾವ ವಿಂಡೋಸ್ ಇದ್ದರೂ ಈ ಭಾರ ತಪ್ಪದು. ವಿಂಡೋಸ್ 7ಕ್ಕೆ ಮರಳಿದವರಿಗೆ ಸಿಗುವುದು 2023ಕ್ಕೇ ನಿಂತುಹೋದ ಕ್ರೋಮ್ 109. ಇನ್ನೊಂದು ಸಂಗತಿಯನ್ನು ಹಳೆಯದರ ಅಭಿಮಾನಿಗಳು ಗಮನಿಸಿದಂತಿಲ್ಲ: ಸುಮ್ಮನೆ ಕೂತ ಪ್ರೋಗ್ರಾಮ್‌ಗಳ ಮಾಹಿತಿಯನ್ನು ಡಿಸ್ಕಿಗೆ ತಳ್ಳುವ ಮೊದಲು ರ‍್ಯಾಮ್‌ನಲ್ಲೇ ಅದುಮಿ ಇಡುವ ಉಪಾಯ ವಿಂಡೋಸ್ 10ರಲ್ಲಿದೆ, 7ರಲ್ಲಿಲ್ಲ. ಇರುವ 4 ಜಿಬಿಯಲ್ಲೇ ಹೆಚ್ಚು ಕೆಲಸ ಹಿಡಿಸುವುದರಲ್ಲಿ ಹೊಸದೇ ಜಾಣ.

ರ‍್ಯಾಮ್ ಸಾಲದೆ? ಇದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ 'ಶೇ. 80 ಬಳಕೆ' ಎಂದು ಕಂಡ ಕೂಡಲೇ ಅಂಗಡಿಗೆ ಓಡುವವರಿದ್ದಾರೆ. ಆ ಅಂಕಿ ಒಂದರಿಂದಲೇ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಎಷ್ಟು ಜಾಗವಿದೆಯೋ ಅದಕ್ಕೆ ತಕ್ಕಂತೆ ವಿಂಡೋಸೂ ಬ್ರೌಸರೂ ಕೈ ಚಾಚುತ್ತವೆ, ಕೊರತೆ ಬಂದಾಗ ಒಂದಿಷ್ಟು ಬಿಟ್ಟುಕೊಡುತ್ತವೆ. ನೋಡಬೇಕಾದ್ದು ಅದೇ ಪುಟದ 'ಕಮಿಟೆಡ್' ಎಂಬ ಸಾಲು. ನಮ್ಮ ದಿನನಿತ್ಯದ ಕೆಲಸವೆಲ್ಲ ತೆರೆದಿರುವಾಗ ಅದರ ಮೊದಲ ಅಂಕಿ ಯಂತ್ರದ ರ‍್ಯಾಮ್‌ಗಿಂತ ಬಹಳ ಮೇಲೆಯೇ ನಿಂತಿದ್ದು, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಡಿಸ್ಕ್ ಶೇ. 100 ತೋರಿಸುತ್ತಿದ್ದರೆ ಕೊರತೆ ನಿಜ. 4 ಜಿಬಿ ಇಟ್ಟುಕೊಂಡು ಹತ್ತಾರು ಟ್ಯಾಬ್, ಜೊತೆಗೊಂದು ವಿಡಿಯೊ ಮೀಟಿಂಗ್ ಎಂದರೆ ಇದು ಆಗಿಯೇ ಆಗುತ್ತದೆ. 8 ಜಿಬಿಗೆ ಏರಿಸಿದ ಹಣ ಅಲ್ಲಿ ಸಾರ್ಥಕ. 8ರಿಂದ 16ಕ್ಕೆ ಹೋಗುವ ಅಗತ್ಯ ವಿಡಿಯೊ ಎಡಿಟಿಂಗ್ ಮಾಡುವವರಿಗೆ, ವರ್ಚುವಲ್ ಮಷೀನ್ ನಡೆಸುವವರಿಗೆ ಬರುತ್ತದೆ. ವರ್ಡ್, ಇಮೇಲ್, ಸುದ್ದಿ ಓದುವವರಿಗೆ ವ್ಯತ್ಯಾಸವೇ ತಿಳಿಯದು.

ಆದರೆ ಬೂಟ್ ಆಗಲು ನಿಮಿಷಗಟ್ಟಲೆ ಹಿಡಿಯುತ್ತದೆ, ವರ್ಡ್ ಮೊದಲ ಸಲ ತೆರೆಯುವಷ್ಟರಲ್ಲಿ ಕಾಫಿ ಮುಗಿಯುತ್ತದೆ ಎಂಬ ದೂರಿಗೆ ಹೊಣೆ ಮಾಮೂಲಾಗಿ ಹಾರ್ಡ್ ಡಿಸ್ಕ್. ಲ್ಯಾಪ್‌ಟಾಪಿನ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ರ‍್ಯಾಮ್ ಉತ್ತರ ಕೊಡುವುದು ಸುಮಾರು 100 ನ್ಯಾನೊಸೆಕೆಂಡಿನಲ್ಲಿ, ಅಂದರೆ ಲಕ್ಷ ಪಟ್ಟು ಬೇಗ. ಎಸ್‌ಎಸ್‌ಡಿ ನಡುವೆ ನಿಲ್ಲುತ್ತದೆ: ಡಿಸ್ಕಿಗಿಂತ ಸುಮಾರು ನೂರು ಪಟ್ಟು ಚುರುಕು. ರ‍್ಯಾಮ್ ಹೆಚ್ಚಿದರೆ ಡಿಸ್ಕಿನ ಕಡೆ ಹೋಗುವುದೇ ತಪ್ಪುತ್ತದಲ್ಲ ಎಂಬ ಆಕ್ಷೇಪ ಅರ್ಧ ಸರಿ. ಆದರೆ ಯಂತ್ರ ಆನ್ ಮಾಡಿದಾಗ ರ‍್ಯಾಮ್ ಖಾಲಿ. ಎಲ್ಲವೂ ಡಿಸ್ಕಿನಿಂದಲೇ ಬರಬೇಕು. ಹೀಗಾಗಿ ಇಂಥ ಯಂತ್ರಕ್ಕೆ ನಾನು ಹೇಳುವ ಮೊದಲ ಖರ್ಚು ಎಸ್‌ಎಸ್‌ಡಿ.

ಎರಡು ಲೆಕ್ಕಗಳೂ ನಿಜಕ್ಕೂ ಗಂಟುಬೀಳುವ ಜಾಗ ಒಂದಿದೆ. 32 ಬಿಟ್‌ನ ವಿಳಾಸಗಳು ಮುಗಿಯುವುದು 4 ಜಿಬಿಗೆ. ಅದರಲ್ಲೂ ಒಂದು ಪಾಲನ್ನು ಗ್ರಾಫಿಕ್ಸ್ ಮುಂತಾದ ಸಾಧನಗಳು ನುಂಗುವುದರಿಂದ ಕೈಗೆ ಸಿಗುವುದು ಮೂರು, ಮೂರೂವರೆ. 32 ಬಿಟ್ ವಿಂಡೋಸ್ ಇರುವ ಯಂತ್ರಕ್ಕೆ 8 ಜಿಬಿ ಹಾಕಿಸುವುದು ದುಡ್ಡು ದಂಡ, 64 ಬಿಟ್‌ಗೆ ಹೋಗುವುದಾದರೆ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಕನ್ನಡ ಡಿಟಿಪಿ ಕೇಂದ್ರಗಳವರು ಇಲ್ಲಿ ತಡೆಯುವುದಕ್ಕೆ ಕಾರಣವಿದೆ: ಪೇಜ್‌ಮೇಕರ್, ನುಡಿಯ ಆಸ್ಕಿ ಫಾಂಟ್‌ಗಳಲ್ಲಿ ಕೂಡಿಟ್ಟ ಹಳೆಯ ಪುಟಗಳು, ಅದಕ್ಕೊಂದು ಹಳೆಯ ಪ್ರಿಂಟರ್. ಭಯ ಅರ್ಧ ಮಾತ್ರ ನಿಜ. 32 ಬಿಟ್ ಪ್ರೋಗ್ರಾಮ್‌ಗಳನ್ನು 64 ಬಿಟ್ ವಿಂಡೋಸ್ ನಡೆಸುತ್ತದೆ. 16 ಬಿಟ್ ಕಾಲದವನ್ನು ನಡೆಸುವುದಿಲ್ಲ, 32 ಬಿಟ್ ಡ್ರೈವರ್‌ಗಳನ್ನು ಒಪ್ಪುವುದಿಲ್ಲ. ತೊಡಕು ಬಂದರೆ ಹೆಚ್ಚಾಗಿ ಪ್ರಿಂಟರ್, ಸ್ಕ್ಯಾನರ್ ಕಡೆಯಿಂದ. ಅವುಗಳಿಗೆ 64 ಬಿಟ್ ಡ್ರೈವರ್ ಸಿಗುವುದಿಲ್ಲವೆಂದರೆ ಆ ಯಂತ್ರವನ್ನು ಇದ್ದಂತೆಯೇ ಬಿಟ್ಟು ಇಂಟರ್ನೆಟ್ ತಪ್ಪಿಸುವುದೇ ಲೇಸು. ಪೇಜ್‌ಮೇಕರ್ 2001ರ ಸುಮಾರಿನ ಯಂತ್ರಗಳಿಗೆಂದು ಬರೆದದ್ದು, ಅದಕ್ಕೆ ಹೆಚ್ಚಿನ ರ‍್ಯಾಮ್‌ನಿಂದ ಆಗಬೇಕಾದ್ದೂ ಏನಿಲ್ಲ.

ವಿಂಡೋಸ್ 11ರ ವಿಷಯದಲ್ಲಂತೂ ರ‍್ಯಾಮ್‌ನಿಂದ ಆವೃತ್ತಿಯನ್ನು ಕೊಳ್ಳಲಾಗದು. ಅದು ಕೇಳುವುದು ಟಿಪಿಎಂ 2.0, ಸೆಕ್ಯೂರ್ ಬೂಟ್, ಮತ್ತು ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್. ಆರನೇ ತಲೆಮಾರಿನ ಯಂತ್ರಕ್ಕೆ 16 ಜಿಬಿ ತುಂಬಿಸಿದರೂ ಅದು ಪಟ್ಟಿಗೆ ಸೇರುವುದಿಲ್ಲ. ತಪಾಸಣೆ ತಪ್ಪಿಸಿ ಹಾಕುವ ದಾರಿಗಳು ಎಲ್ಲರಿಗೂ ಗೊತ್ತು. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಪಡೆಯುವ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಅಪ್‌ಡೇಟಿಗಾಗಿಯೇ ಹೊಸ ಆವೃತ್ತಿಗೆ ಹೋಗುವವರು ಅದೇ ಖಾತ್ರಿಯಿಲ್ಲದ ದಾರಿ ಹಿಡಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕೆಲಸವೆಲ್ಲ ಬ್ರೌಸರಿನಲ್ಲೇ ಮುಗಿಯುವುದಾದರೆ ಲಿನಕ್ಸ್ ಮಿಂಟ್ ಸಾಕು. ಅದು ಕೇಳುವ ಕನಿಷ್ಠ 2 ಜಿಬಿ, ನೆಮ್ಮದಿಗೆ 4. ಯೂನಿಕೋಡ್ ಕನ್ನಡವನ್ನು ಅದರಲ್ಲಿ ಸಲೀಸಾಗಿ ಬರೆಯಬಹುದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಗೆ ಮಾತ್ರ ಈ ಸಲಹೆ ಸಲ್ಲದು, ಅದು ವಿಂಡೋಸನ್ನೇ ಬೇಡುತ್ತದೆ.

ರ‍್ಯಾಮ್ ಬೇಕೇಬೇಕು ಎಂದಾದ ಮೇಲೆ ಕೊಳ್ಳುವ ಮುಂಚೆ ನೋಡಬೇಕಾದ್ದು ಸ್ಲಾಟ್. ಎಷ್ಟು ಸ್ಲಾಟ್, ಎಷ್ಟು ತುಂಬಿದೆ ಎಂಬುದು ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ, ಆದರೂ ಹಿಂಬದಿ ಬಿಚ್ಚಿ ನೋಡುವುದು ಕ್ಷೇಮ, ಏಕೆಂದರೆ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ. 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರ ಬೇಡುವ ಯಂತ್ರಕ್ಕೆ 1.5 ವೋಲ್ಟಿನದು ಹಾಕಿದರೆ ಆನ್ ಆಗದೆಯೂ ಇರಬಹುದು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಏರಿದ್ದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಹುಡುಕುವುದು ಸಹಜ. ಕೊಳ್ಳಬಾರದೆಂದೇನೂ ಇಲ್ಲ, ಪರೀಕ್ಷಿಸಿ ಕೊಳ್ಳಬೇಕು ಅಷ್ಟೆ. ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಲು ಬಿಟ್ಟು, ಒಂದೇ ಒಂದು ದೋಷ ತೋರಿಸಿದರೂ ಬೆಳಿಗ್ಗೆ ವಾಪಸ್ ಕೊಡಬೇಕು. ಕೆಟ್ಟ ರ‍್ಯಾಮ್‌ನಿಂದ ಆಗಾಗ ನೀಲಿ ಪರದೆ ಬರುತ್ತದೆ, ಫೈಲುಗಳು ಕೆಡುತ್ತವೆ, ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಆಗ ಎಲ್ಲರೂ ಬೈಯುವುದು ವಿಂಡೋಸ್ ಆವೃತ್ತಿಯನ್ನು.