ಗೆಲುವಿನ ಮೂಲ: ಆಟಗಾರನ ಚಾತುರ್ಯವೋ, ತಂಡದ ಸಂಸ್ಕೃತಿಯೋ? (ಆಸ್ಟ್ರೇಲಿಯದ ಫುಟ್‌ಬಾಲ್ ಕುರಿತು ಒಂದು ವಿಚಾರ)

ಒಂದು ತಂಡ ಗೆದ್ದಿತೆಂದರೆ ಆ ಗೆಲುವಿಗೆ ಕಾರಣವೇನು? ಆಡಿದವರ ಕೈಕಾಲುಗಳ ಚಾತುರ್ಯವೋ, ಅಥವಾ ಅವರನ್ನು ಒಂದಾಗಿ ಹಿಡಿದ ನಡವಳಿಕೆ, ಶಿಸ್ತು, ಪರಸ್ಪರ ವಿಶ್ವಾಸಗಳೋ? ಈ ಪ್ರಶ್ನೆ ಆಟದ ಬಯಲಿಗೆ ಮಾತ್ರ ಸೇರಿದುದಲ್ಲ. ನಾಲ್ಕು ಜನ ಕೂಡಿ ಒಂದು ಕೆಲಸ ಮಾಡಬೇಕಾದೆಡೆಯಲ್ಲೆಲ್ಲ ಇದು ಏಳುತ್ತದೆ. 'ಒಗ್ಗಟ್ಟಿನಲ್ಲಿ ಬಲವಿದೆ' ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮಾತು ನಿಜವೇ ಎಂದು ತಿಳಿಯಬೇಕಾದರೆ ಒಂದು ನಿಜವಾದ ಆಟವನ್ನು ಮುಂದಿಟ್ಟುಕೊಂಡು, ಅದರ ಗೆಲುವು ಸೋಲುಗಳನ್ನು ಒರೆಗೆ ಹಚ್ಚಿ ನೋಡಬೇಕು. ಅದಕ್ಕಾಗಿ ನಾನು ಆಸ್ಟ್ರೇಲಿಯದ ಫುಟ್‌ಬಾಲನ್ನು ಆರಿಸಿಕೊಂಡಿದ್ದೇನೆ.

ಆಟದ ಪರಿಚಯ

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಹನ್ನೊಂದು ಜನರು ಗುಂಡುಚೆಂಡನ್ನು ಕಾಲಿನಿಂದ ಒದ್ದು ಆಡುವ ಆಟ. ಮೆಲ್ಬೋರ್ನ್, ಅಡಿಲೇಡ್, ಪರ್ತ್ ಮೊದಲಾದ ಊರುಗಳ ಜನ ಫುಟ್‌ಬಾಲ್ ಎಂದು ಕರೆಯುವುದು ಬೇರೆಯೇ ಒಂದು ಆಟವನ್ನು. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರನು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಂತೆ ಒಂದು ಫುಟ್‌ಬಾಲ್ ಸಂಘವಿರಬೇಕೆಂದು ಪತ್ರಿಕೆಗೆ ಬರೆದನು. ಮರುವರ್ಷ ಮೆಲ್ಬೋರ್ನಿನಲ್ಲಿ ನಿಯಮಗಳು ಲಿಖಿತರೂಪ ಪಡೆದವು. ಇಂದಿಗೂ ಈ ಆಟ ನಡೆಯುವುದು ಕ್ರಿಕೆಟಿನ ಅಂಡಾಕಾರದ ಬಯಲಿನಲ್ಲಿಯೇ. ಕ್ರಿಕೆಟ್ ಪ್ರಿಯರಿಗೆಲ್ಲ ಹೆಸರು ಬಲ್ಲ ಮೆಲ್ಬೋರ್ನ್ ಕ್ರಿಕೆಟ್ ಮೈದಾನವೇ ಇದರ ದೊಡ್ಡ ರಂಗಸ್ಥಳ.

ಒಂದೊಂದು ಕಡೆಗೆ 18 ಜನ. ಚೆಂಡೂ ಅಂಡಾಕಾರದ್ದೇ. ಅದನ್ನು ಒದೆಯಬಹುದು, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ನಡುವಣ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ 6 ಅಂಕ. ಪಕ್ಕದ ಕಂಬಗಳ ನಡುವೆ ಹೋದರೆ 1 ಅಂಕ. 20 ನಿಮಿಷಗಳ ನಾಲ್ಕು ಭಾಗಗಳೆಂದು ಹೆಸರಾದರೂ ನಿಂತ ಹೊತ್ತನ್ನು ಸೇರಿಸುವುದರಿಂದ ಆಟ ಎರಡು ಗಂಟೆಯಷ್ಟಾಗುತ್ತದೆ. ಆಫ್‌ಸೈಡ್ ಎಂಬುದು ಇಲ್ಲವಾದುದರಿಂದ ಎದುರಾಳಿ ಯಾವ ದಿಕ್ಕಿನಿಂದಲಾದರೂ ಮೇಲೆ ಬೀಳಬಹುದು.

ಇದೇ ಆಟವೇಕೆ?

ಯೂರೋಪಿನ ಫುಟ್‌ಬಾಲಿನಲ್ಲಿ ಹಣವಂತ ಸಂಘವು ಒಳ್ಳೆಯ ಆಟಗಾರರನ್ನು ಕೊಂಡು ತರುತ್ತದೆ. ಅಲ್ಲಿ ಗೆಲುವಿನ ಮೂಲವನ್ನು ಹುಡುಕುವವನು ಮೊದಲು ಖಜಾನೆಯನ್ನು ನೋಡಬೇಕಾಗುತ್ತದೆ. ಆಸ್ಟ್ರೇಲಿಯದ ಪದ್ಧತಿ ಹಾಗಲ್ಲ. 1897ರಲ್ಲಿ ವಿಕ್ಟೋರಿಯದ ಎಂಟು ಸಂಘಗಳಿಂದ ಆರಂಭವಾದ ಲೀಗ್, 1990ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರು ಪಡೆಯಿತು. ಇಂದು ಅದರಲ್ಲಿ 18 ತಂಡಗಳಿವೆ. 1986ರಿಂದ ಅಲ್ಲಿ 'ಡ್ರಾಫ್ಟ್' ಎಂಬ ಕ್ರಮ ಜಾರಿಯಲ್ಲಿದೆ. ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ ಕೊನೆಯ ಸ್ಥಾನದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಇದರ ಜೊತೆಗೆ ಆಟಗಾರರ ಸಂಬಳದ ಒಟ್ಟು ಮೊತ್ತಕ್ಕೂ ಮಿತಿಯುಂಟು. ಹೀಗೆ ಚಾತುರ್ಯವನ್ನು ತಕ್ಕಮಟ್ಟಿಗೆ ಸರಿಸಮನಾಗಿ ಹಂಚುವ ಪ್ರಯತ್ನ ನಡೆದಿದೆ. ವಿಜ್ಞಾನದ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಪರೀಕ್ಷಿಸುವಂತೆ, ನಾವು ಇಲ್ಲಿ ನಮ್ಮ ಪ್ರಶ್ನೆಯನ್ನು ಪರೀಕ್ಷಿಸಬಹುದು.

'ಸಂಸ್ಕೃತಿ' ಎಂಬ ಮಾತನ್ನೂ ಸ್ಪಷ್ಟಪಡಿಸಿಕೊಳ್ಳೋಣ. ಇಲ್ಲಿ ಅದು ಸಾಹಿತ್ಯ, ಸಂಗೀತಗಳಿಗೆ ಸಂಬಂಧಿಸಿದುದಲ್ಲ. ಒಂದು ತಂಡದವರು ತಮ್ಮೊಳಗೆ ಯಾವುದನ್ನು ಮೆಚ್ಚುತ್ತಾರೆ, ಯಾವುದನ್ನು ಸಹಿಸುವುದಿಲ್ಲ, ತಪ್ಪಿದವನನ್ನು ಯಾರು ತಿದ್ದುತ್ತಾರೆ ಎಂಬುದೇ ಆ ತಂಡದ ಸಂಸ್ಕೃತಿ.

ಚಾತುರ್ಯದ ಪಕ್ಷ

ಚಾತುರ್ಯವೇ ಮುಖ್ಯವೆನ್ನುವವರ ವಾದ ಬಲವಾದುದು. 2001, 2002, 2003ರಲ್ಲಿ ಸತತವಾಗಿ ಮೂರು ಬಾರಿ ಗೆದ್ದ ಬ್ರಿಸ್ಬೇನ್ ತಂಡದಲ್ಲಿ ಮೈಕೆಲ್ ವಾಸ್, ಜೇಸನ್ ಅಕರ್‌ಮಾನಿಸ್, ಸೈಮನ್ ಬ್ಲ್ಯಾಕ್ ಎಂಬ ಮೂವರು ಬ್ರೌನ್‌ಲೋ ಪದಕ ಪಡೆದವರಿದ್ದರು. ಅಂಪೈರುಗಳ ಮತದಿಂದ ವರ್ಷದ ಅತ್ಯುತ್ತಮ ಆಟಗಾರನಿಗೆ ದೊರೆಯುವ ಪದಕ ಅದು. 2017, 2019, 2020ರಲ್ಲಿ ರಿಚ್ಮಂಡ್ ತಂಡ ಗ್ರಾಂಡ್ ಫೈನಲ್ ಗೆದ್ದಾಗ, ಆ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಮೂರು ಬಾರಿಯೂ ಡಸ್ಟಿನ್ ಮಾರ್ಟಿನ್ ಎಂಬ ಒಬ್ಬನಿಗೇ ಸಂದಿತು. ಇಂಥವರಿಲ್ಲದೆ ಬರಿಯ ಸದ್ಗುಣಗಳಿಂದ ಯಾವ ತಂಡವೂ ಗೆಲ್ಲಲಾರದು.

ಅಷ್ಟೇ ಅಲ್ಲ, ನಡವಳಿಕೆ ಕೆಟ್ಟಿದ್ದರೂ ಗೆದ್ದ ಉದಾಹರಣೆಯುಂಟು. 2006ರಲ್ಲಿ ವೆಸ್ಟ್ ಕೋಸ್ಟ್ ತಂಡ ಸಿಡ್ನಿಯನ್ನು 85–84ರಿಂದ, ಒಂದೇ ಅಂಕದ ಅಂತರದಲ್ಲಿ ಸೋಲಿಸಿತು. ಅದರ ನಡುಬಯಲಿನ ಆಟಗಾರರಾದ ಕ್ರಿಸ್ ಜಡ್ ಮತ್ತು ಬೆನ್ ಕಸಿನ್ಸ್ 2004, 2005ರ ಬ್ರೌನ್‌ಲೋ ವಿಜೇತರು. ಆದರೆ ಮಾದಕ ವಸ್ತುಗಳ ವ್ಯಸನಕ್ಕೆ ಸಿಕ್ಕಿದ ಕಸಿನ್ಸ್ 2007ರಲ್ಲಿ ಸಂಘದಿಂದಲೇ ಹೊರಬೀಳಬೇಕಾಯಿತು. ಹಾಗಾದರೆ ಸಂಸ್ಕೃತಿಯ ಮಾತೆಲ್ಲ ಪೊಳ್ಳೇ? ಉತ್ತರ ಹೇಳುವ ಮೊದಲು ಮುಂದಿನ ಕಥೆಯನ್ನು ನೋಡಬೇಕು. ಅದೇ ವರ್ಷದ ಕೊನೆಗೆ ಜಡ್ ಬೇರೆ ಸಂಘ ಸೇರಿದ. 2008ರಲ್ಲಿ ವೆಸ್ಟ್ ಕೋಸ್ಟ್ ಗೆದ್ದುದು ನಾಲ್ಕೇ ಪಂದ್ಯ. 16 ತಂಡಗಳಲ್ಲಿ 15ನೆಯ ಸ್ಥಾನ. ಚಾತುರ್ಯ ಶಿಖರವನ್ನು ಮುಟ್ಟಿಸಿತು, ಅಲ್ಲಿ ನಿಲ್ಲಿಸಲಿಲ್ಲ.

ಒಬ್ಬನ ಚಾತುರ್ಯದ ಮಿತಿಯನ್ನು ತೋರಿಸುವ ನಿದರ್ಶನಗಳು ಇನ್ನೂ ಉಂಟು. ಸೌತ್ ಮೆಲ್ಬೋರ್ನಿನ ಬಾಬ್ ಸ್ಕಿಲ್ಟನ್ 1959, 1963, 1968ರಲ್ಲಿ ಮೂರು ಬ್ರೌನ್‌ಲೋ ಪದಕ ಗಳಿಸಿದ. ತನ್ನ 237 ಪಂದ್ಯಗಳಲ್ಲಿ ಅಂತಿಮ ಸುತ್ತಿನ ಪಂದ್ಯವೆಂದು ಆತ ಆಡಿದ್ದು 1970ರಲ್ಲಿ ಒಂದೇ ಒಂದು. ಟೋನಿ ಲಾಕೆಟ್ 1360 ಗೋಲು ಹೊಡೆದ. ಈ ಲೀಗಿನಲ್ಲಿ ಅಷ್ಟು ಗೋಲು ಹೊಡೆದವರು ಇನ್ನೊಬ್ಬರಿಲ್ಲ. ಆದರೂ ಪ್ರಶಸ್ತಿ ಗೆದ್ದ ತಂಡದಲ್ಲಿ ಆಡುವ ಭಾಗ್ಯ ಆತನಿಗೆ ಬರಲಿಲ್ಲ. 1989ರ ಗ್ರಾಂಡ್ ಫೈನಲ್‌ನಲ್ಲಿ ಜೀಲಾಂಗಿನ ಗ್ಯಾರಿ ಆಬ್ಲೆಟ್ ಒಬ್ಬನೇ 9 ಗೋಲು ಹೊಡೆದ. ಗೆದ್ದುದು ಹಾಥಾರ್ನ್, ಆರು ಅಂಕಗಳಿಂದ. ಆ ದಿನ ಹಾಥಾರ್ನಿನ ರಾಬರ್ಟ್ ಡಿಪಿಯರ್‌ಡೊಮೆನಿಕೊ ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೆ ಗಾಯವಾಗಿದ್ದರೂ ಬಯಲು ಬಿಟ್ಟು ಹೋಗಲಿಲ್ಲ.

ಈ ಆಬ್ಲೆಟ್‌ನ ಮಗನಿಗೂ ಗ್ಯಾರಿ ಆಬ್ಲೆಟ್ ಎಂದೇ ಹೆಸರು. ಆತ ತನ್ನ ಕಾಲದ ಅತ್ಯುತ್ತಮ ಆಟಗಾರನೆನಿಸಿದವನು. 2010ರ ಕೊನೆಗೆ ಜೀಲಾಂಗನ್ನು ಬಿಟ್ಟು, ಹೊಸದಾಗಿ ಹುಟ್ಟಿದ ಗೋಲ್ಡ್ ಕೋಸ್ಟ್ ತಂಡದ ನಾಯಕನಾದ. ಪ್ರಕೃತಿಯೇ ಏರ್ಪಡಿಸಿದ ಪ್ರಯೋಗವಿದು. ಆತನಿಲ್ಲದ ಜೀಲಾಂಗ್ ಮರುವರ್ಷವೇ, 2011ರಲ್ಲಿ, ಕಾಲಿಂಗ್‌ವುಡ್ಡನ್ನು 38 ಅಂಕಗಳಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಆತನಿದ್ದ ಗೋಲ್ಡ್ ಕೋಸ್ಟ್ ಏಳು ವರ್ಷಗಳಲ್ಲಿ ಒಮ್ಮೆಯೂ ಅಂತಿಮ ಸುತ್ತಿಗೆ ಬರಲಿಲ್ಲ. ಆ ನಡುವೆ 2013ರಲ್ಲಿ ಆತನಿಗೆ ಬ್ರೌನ್‌ಲೋ ಪದಕವೇನೋ ಬಂದಿತು. ನ್ಯಾಯಕ್ಕಾಗಿ ಇನ್ನೊಂದನ್ನೂ ಹೇಳಬೇಕು: 2014ರಲ್ಲಿ ಅಂತಿಮ ಸುತ್ತಿನ ಆಸೆ ಹುಟ್ಟಿಸಿದ್ದ ಆ ತಂಡ, ಆತನ ಭುಜಕ್ಕೆ ಪೆಟ್ಟಾಗಿ ಹೊರಗುಳಿದ ಮೇಲೆ ಕುಸಿಯಿತು. ಒಬ್ಬ ಸಮರ್ಥ ತಂಡವನ್ನು ಎತ್ತಬಲ್ಲ. ತಂಡವೆಲ್ಲ ಅವನ ಹೆಗಲ ಮೇಲೆಯೇ ನಿಂತರೆ ಅವನೊಡನೆ ಅದೂ ಬೀಳುತ್ತದೆ.

ಸಂಸ್ಕೃತಿಯ ಪಕ್ಷ

ಸಂಸ್ಕೃತಿಯ ಪಕ್ಷಕ್ಕೆ ಸಾಕ್ಷಿಯಾಗಿ ನಿಲ್ಲುವ ದೊಡ್ಡ ನಿದರ್ಶನ ಜೀಲಾಂಗಿನದೇ. 2006ರಲ್ಲಿ ಆ ತಂಡ ಹತ್ತನೆಯ ಸ್ಥಾನಕ್ಕಿಳಿದು ಅಂತಿಮ ಸುತ್ತಿಗೆ ಬಾರದೆ ಹೋಯಿತು. ಆಟಗಾರರು ಬಹುಮಟ್ಟಿಗೆ ಅವರೇ. ತರಬೇತುದಾರ ಮಾರ್ಕ್ ಥಾಂಪ್ಸನ್ನೂ ಅವನೇ. ಬದಲಾದದ್ದು ಒಳಗಿನ ನಡವಳಿಕೆ. ಟಾಮ್ ಹಾರ್ಲಿ ಎಂಬ ಹೊಸ ನಾಯಕ ಬಂದ. ಹಿರಿಯ ಆಟಗಾರರ ಒಂದು ಮುಂದಾಳು ಗುಂಪು, ಒಬ್ಬರ ತಪ್ಪನ್ನು ಇನ್ನೊಬ್ಬರು ಮುಖಕ್ಕೆ ಮುಖ ಕೊಟ್ಟು ಹೇಳುವ ಪದ್ಧತಿಯನ್ನು ಗಟ್ಟಿಯಾಗಿ ಹಿಡಿಯಿತು.

ಪರೀಕ್ಷೆಯೂ ಬೇಗನೆ ಬಂದಿತು. ಸ್ಟೀವ್ ಜಾನ್ಸನ್ ಎಂಬ ಪ್ರತಿಭಾವಂತ ಕುಡಿತಕ್ಕೆ ಸಂಬಂಧಿಸಿದ ಅಶಿಸ್ತಿಗೆ ಸಿಕ್ಕಿಬಿದ್ದ. ಆ ಗುಂಪು ಅವನನ್ನು ಆ ವರ್ಷದ ಆರಂಭದ ಪಂದ್ಯಗಳಿಂದ ಹೊರಗಿಟ್ಟಿತು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಶಿಕ್ಷೆಯ ತೀರ್ಮಾನ ಮೇಲಿನಿಂದ ಇಳಿದು ಬಂದುದಲ್ಲ, ಪಕ್ಕದಲ್ಲಿ ನಿಂತು ಆಡುವವರಿಂದ ಬಂದುದು. ಗೋಲು ತರುವವನನ್ನು ಹೊರಗಿಟ್ಟರೆ ನಷ್ಟ ಅವರಿಗೇ. ಆ ನಷ್ಟಕ್ಕೆ ಅವರು ಸಿದ್ಧರಾದರು. ಜಾನ್ಸನ್ ಹಿಂದಿರುಗಿದ, ತಿದ್ದಿಕೊಂಡಿದ್ದ. 2007ರ ಗ್ರಾಂಡ್ ಫೈನಲ್‌ನಲ್ಲಿ ಜೀಲಾಂಗ್ ಪೋರ್ಟ್ ಅಡಿಲೇಡನ್ನು 163–44ರಿಂದ, 119 ಅಂಕಗಳ ಅಂತರದಲ್ಲಿ ಸೋಲಿಸಿತು. ಗ್ರಾಂಡ್ ಫೈನಲ್‌ಗಳ ಚರಿತ್ರೆಯಲ್ಲಿ ಅಷ್ಟು ದೊಡ್ಡ ಅಂತರ ಬೇರೆಯಿಲ್ಲ. 1963ರಿಂದ ಕಾದಿದ್ದ ಪ್ರಶಸ್ತಿ ಬಂದಿತು. ಆ ದಿನದ ಶ್ರೇಷ್ಠ ಆಟಗಾರನ ಪದಕ ಪಡೆದವನು ಅದೇ ಸ್ಟೀವ್ ಜಾನ್ಸನ್.

ಆ ವರ್ಷದ ಅಖಿಲ ಆಸ್ಟ್ರೇಲಿಯ ತಂಡಕ್ಕೆ ಜೀಲಾಂಗಿನ ಒಂಬತ್ತು ಮಂದಿ ಆಯ್ಕೆಯಾದರು. ಚಾತುರ್ಯವಾದಿ ಇದನ್ನು ತೋರಿಸಿ 'ನೋಡಿ, ಒಂಬತ್ತು ಚತುರರಿದ್ದರು, ಗೆದ್ದರು' ಎನ್ನಬಹುದು. ಆದರೆ ಹತ್ತನೆಯ ಸ್ಥಾನಕ್ಕೆ ಬಿದ್ದಾಗಲೂ ಇವರಲ್ಲಿ ಬಹುತೇಕರು ಅದೇ ತಂಡದಲ್ಲಿದ್ದರಷ್ಟೆ! ಚಾತುರ್ಯವೆಂಬುದು ಒಬ್ಬನು ಹುಟ್ಟುವಾಗಲೇ ಕಟ್ಟಿಕೊಂಡು ಬಂದ ಬುತ್ತಿಯಲ್ಲ. ತಕ್ಕ ಸಂಗದಲ್ಲಿ ಅದು ಬೆಳೆಯುತ್ತದೆ, ತಗದ ಸಂಗದಲ್ಲಿ ಬಾಡುತ್ತದೆ.

ಎರಡು ಆಕ್ಷೇಪಣೆಗಳು

ಇಷ್ಟಕ್ಕೇ ಸಂಸ್ಕೃತಿಯ ಕೊರಳಿಗೆ ಮಾಲೆ ಹಾಕುವುದು ಆತುರವಾದೀತು. ಮೊದಲನೆಯ ಆಕ್ಷೇಪಣೆ: ಲೋಕ ಗೆದ್ದೆತ್ತಿನ ಬಾಲ ಹಿಡಿಯುತ್ತದೆ. ಗೆದ್ದ ತಂಡದಲ್ಲೆಲ್ಲ ಒಳ್ಳೆಯ ಸಂಸ್ಕೃತಿ ಕಾಣುತ್ತದೆ, ಸೋತ ತಂಡದಲ್ಲಿ ಕಾಣುವುದಿಲ್ಲ. ಸಿಡ್ನಿ ತಂಡವನ್ನು ನೋಡಿ. ಪಾಲ್ ರೂಸ್ ತರಬೇತುದಾರನಾಗಿದ್ದಾಗ ಆಟಗಾರರು ತಮಗೆ ತಾವೇ ನಡವಳಿಕೆಯ ಕಟ್ಟುಪಾಡು ಮಾಡಿಕೊಂಡರು. ಹಳೆಯ ಅಡ್ಡಹೆಸರೊಂದನ್ನು ಎತ್ತಿಕೊಂಡು ಅದನ್ನು 'ಬ್ಲಡ್ಸ್' ಸಂಸ್ಕೃತಿ ಎಂದು ಕರೆದರು. 2005ರಲ್ಲಿ ನಾಲ್ಕು ಅಂಕಗಳಿಂದ ಗೆದ್ದು 72 ವರ್ಷಗಳ ಬರವನ್ನು ನೀಗಿದರು. 2012ರಲ್ಲಿ ಮತ್ತೆ ಗೆದ್ದರು. ಆದರೆ ಅದೇ ಹೆಮ್ಮೆಯ ಪರಂಪರೆಯ ತಂಡ 2014, 2016, 2022, 2024ರ ನಾಲ್ಕು ಗ್ರಾಂಡ್ ಫೈನಲ್‌ಗಳಲ್ಲಿಯೂ ಸೋತಿತು. 2022ರಲ್ಲಂತೂ 81 ಅಂಕಗಳಿಂದ. ಸಂಸ್ಕೃತಿ ಬಾಗಿಲವರೆಗೆ ಕರೆದೊಯ್ದೀತು. ಬಾಗಿಲು ತೆರೆದೀತೆಂಬ ಭರವಸೆಯಿಲ್ಲ.

ಎರಡನೆಯದು ಇನ್ನೂ ಗಂಭೀರವಾದುದು. ಸಂಸ್ಕೃತಿಯ ಹೆಸರಿನಲ್ಲಿ ಬಲಾತ್ಕಾರವೂ ನಡೆಯಬಹುದು. 2017ರ ಗ್ರಾಂಡ್ ಫೈನಲ್‌ನಲ್ಲಿ ಸೋತ ಅಡಿಲೇಡ್ ತಂಡದವರನ್ನು, ಮನಸ್ಸನ್ನು ಗಟ್ಟಿ ಮಾಡಲೆಂದು 2018ರ ಆರಂಭದಲ್ಲಿ ಒಂದು ಶಿಬಿರಕ್ಕೆ ಕರೆದೊಯ್ದರು. ಅಲ್ಲಿ ತಮ್ಮ ಖಾಸಗಿ ನೋವುಗಳನ್ನೇ ತಮ್ಮ ವಿರುದ್ಧ ಬಳಸಿದರೆಂದು ಎಡ್ಡಿ ಬೆಟ್ಸ್ ಎಂಬ ಆಟಗಾರ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದ. 2022ರಲ್ಲಿ ಸಂಘ ಕ್ಷಮೆ ಕೇಳಿತು. ಶಿಬಿರ ನಡೆದ 2018ರಲ್ಲಿಯೇ ತಂಡ 12ನೆಯ ಸ್ಥಾನಕ್ಕೆ ಇಳಿದಿತ್ತು. ಇದಕ್ಕೆ ಹೋಲಿಸಿ ರಿಚ್ಮಂಡನ್ನು ನೋಡಿ. 2016ರಲ್ಲಿ 13ನೆಯ ಸ್ಥಾನದಲ್ಲಿದ್ದ ಆ ತಂಡದ ಆಟಗಾರರು ಮರುವರ್ಷ ಒಬ್ಬರ ಮುಂದೊಬ್ಬರು ನಿಂತು ತಮ್ಮ ಬಾಳಿನ ಕಷ್ಟಸುಖಗಳನ್ನು ತಾವಾಗಿ ಹೇಳಿಕೊಂಡರು. ಕೆಲವು ಹೊಸ ಆಟಗಾರರೂ ಬಂದಿದ್ದರು ನಿಜ. ಅದೇ ವರ್ಷ ಅಡಿಲೇಡನ್ನು ಸೋಲಿಸಿದವರು ಇವರೇ. ಒಂದೆಡೆ ಮನಸ್ಸು ತಾನಾಗಿ ತೆರೆದುಕೊಂಡಿತು, ಇನ್ನೊಂದೆಡೆ ಅದನ್ನು ಕಿತ್ತು ತೆರೆಯಲು ಹೋದರು.

ನನ್ನ ನಿರ್ಣಯ

ಹಾಗಾದರೆ ತೀರ್ಪೇನು? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಪಂದ್ಯದಲ್ಲಿ ಒಂದು ತಂಡ ಒದೆತ, ಗುದ್ದು ಎರಡೂ ಸೇರಿ ಸುಮಾರು 350ರಿಂದ 400 ಬಾರಿ ಚೆಂಡನ್ನು ಸಾಗಿಸುತ್ತದೆ. ಬಹು ಸಮರ್ಥನಾದವನ ಪಾಲಿಗೆ 30 ಬಾರಿ ಬಂದರೆ ಅದು ಅವನ ಒಳ್ಳೆಯ ದಿನ. ಪ್ರತಿಸಲವೂ ನಾಲ್ಕು ಸೆಕೆಂಡು ಚೆಂಡು ಅವನಲ್ಲಿತ್ತೆಂದು ಹಿಡಿದರೂ ಒಟ್ಟು ಎರಡು ನಿಮಿಷವಾಯಿತು. ಆಟವೋ ಎರಡು ಗಂಟೆಯದು. ಮಿಕ್ಕ ಹೊತ್ತೆಲ್ಲ ಅವನ ಕೈ ಬರಿದು.

ಆ ಬರಿಗೈಯ ಹೊತ್ತಿನಲ್ಲಿ ಮಾಡಬೇಕಾದ ಕೆಲಸಗಳು ಬೇಕಾದಷ್ಟಿವೆ. ಚೆಂಡು ಹಿಡಿದ ಗೆಳೆಯನಿಗೆ ಅಡ್ಡ ನಿಂತು ದಾರಿ ಮಾಡಿಕೊಡಬೇಕು. ಎದುರಾಳಿ ಒದೆಯುವಾಗ ಕಾಲಿಗೆ ಮೈಯೊಡ್ಡಿ ಚೆಂಡು ತಡೆಯಬೇಕು. ಬರಲಾರದ ಚೆಂಡಿಗೂ ಓಡಿ ಎದುರಾಳಿಯನ್ನು ತನ್ನ ಹಿಂದೆ ಸೆಳೆದೊಯ್ಯಬೇಕು. ಇಂಥ ಕೆಲವು ಕೆಲಸಗಳಿಗೆ ಅಲ್ಲಿಯವರು 'ಒನ್ ಪರ್ಸೆಂಟರ್' ಎನ್ನುತ್ತಾರೆ, ಎಂದರೆ ನೂರರಲ್ಲಿ ಒಂದು ಪಾಲಿನವು. ಇವುಗಳಿಗೆ ಚಪ್ಪಾಳೆಯಿಲ್ಲ, ವಿಶೇಷ ಚಾತುರ್ಯವೂ ಬೇಕಿಲ್ಲ, ಮನಸ್ಸು ಬೇಕು. 'ಹತ್ತು ಜನರ ಕಡ್ಡಿ ಒಬ್ಬನ ಹೊರೆ' ಎಂಬ ನಮ್ಮ ಗಾದೆಯ ಕಡ್ಡಿಗಳು ಇವೇ.

ಆದುದರಿಂದ ನನ್ನ ಅಭಿಪ್ರಾಯ ಹೀಗಿದೆ: ಚೆಂಡು ಕೈಯಲ್ಲಿರುವ ಎರಡು ನಿಮಿಷವನ್ನು ಆಳುವುದು ಚಾತುರ್ಯ, ಕೈಯಲ್ಲಿಲ್ಲದ ಉಳಿದ ಹೊತ್ತನ್ನು ಆಳುವುದು ಸಂಸ್ಕೃತಿ. ತಂಡ ಎಷ್ಟು ಎತ್ತರಕ್ಕೆ ಏರಬಹುದೆಂಬುದಕ್ಕೆ ಚಾತುರ್ಯ ಮಿತಿ ಹಾಕುತ್ತದೆ. ಆ ಎತ್ತರದಲ್ಲಿ ಎಷ್ಟು ಪಾಲು ನಿಜವಾಗಿ ಕೈಗೆ ಸಿಕ್ಕೀತೆಂಬುದನ್ನು ಸಂಸ್ಕೃತಿ ನಿರ್ಧರಿಸುತ್ತದೆ. ಚಾತುರ್ಯವನ್ನು ಹೆಚ್ಚುಕಡಮೆ ಸಮನಾಗಿ ಹಂಚಿರುವ ಕಡೆ, ಗೆದ್ದವರಿಗೂ ಸೋತವರಿಗೂ ನಡುವಣ ವ್ಯತ್ಯಾಸ ಹೆಚ್ಚಾಗಿ ಹುಟ್ಟುವುದು ಈ ಎರಡನೆಯದರಿಂದಲೇ.

ನಮ್ಮ ಕಾಲೇಜಿನ ಕಬಡ್ಡಿ, ವಾಲಿಬಾಲ್ ತಂಡಗಳಿಗೂ, ನಾಟಕ ಸಂಘಕ್ಕೂ, ಚರ್ಚಾಕೂಟಕ್ಕೂ ಈ ವಿಚಾರ ಸಲ್ಲುತ್ತದೆ. ನಾವು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತೇವೆ. ಸಮರ್ಥನಾದವನು ಅಭ್ಯಾಸಕ್ಕೆ ಬಾರದಿದ್ದರೂ ಅವನಿಲ್ಲದೆ ನಡೆಯದೆಂದು ಸುಮ್ಮನಿರುತ್ತೇವೆ. ಇಲ್ಲವೆ ಮೇಲಿನವರ ಮಾತಿಗೆ ತಲೆಬಾಗುವುದನ್ನೇ ಶಿಸ್ತೆಂದು ಕರೆಯುತ್ತೇವೆ. ಎರಡೂ ಸಂಸ್ಕೃತಿಯಲ್ಲ. ಒಂದು ತಂಡದ ಸಂಸ್ಕೃತಿಯನ್ನು ಅಳೆಯಬೇಕೆಂದರೆ ಅದರ ಗೋಡೆಯ ಮೇಲಿನ ಘೋಷವಾಕ್ಯವನ್ನು ಓದಬೇಕಾಗಿಲ್ಲ. ತಂಡದ ಅತ್ಯುತ್ತಮ ಆಟಗಾರ ತಪ್ಪಿದಾಗ ಅವನಿಗೆ ಹೇಳುವವರು ಯಾರು, ಹೇಳಿದ ಮೇಲೆ ಅವನನ್ನು ಮತ್ತೆ ಒಳಗೆ ಕರೆದುಕೊಳ್ಳುವವರು ಯಾರು ಎಂದು ಕೇಳಿದರೆ ಸಾಕು. ಎರಡಕ್ಕೂ 'ಅವನ ಜೊತೆ ಆಡುವವರೇ' ಎಂಬ ಉತ್ತರ ದೊರೆಯುವ ತಂಡ ಈ ವರ್ಷ ಸೋತರೂ ಸೋಲಲಿ. ಬಹುಕಾಲ ಸೋಲುವ ತಂಡ ಅದಲ್ಲ.