ಪೇಟೆಯ ಬೀದಿ ಮತ್ತು ಪಾದಚಾರಿ

ಊರಿನ ಬಾಳು ಎದ್ದು ಕಾಣುವುದು ಅದರ ಪೇಟೆಯಲ್ಲಿ. 1537ರಲ್ಲಿ ಕೆಂಪೇಗೌಡರು ಬೆಂಗಳೂರನ್ನು ಕಟ್ಟಿಸಿದಾಗ ಒಂದೊಂದು ಕಸುಬಿಗೂ ಒಂದೊಂದು ಬೀದಿಯನ್ನು ಮೀಸಲಿಟ್ಟರೆಂದು ಪ್ರತೀತಿ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಇಂದಿಗೂ ಅದನ್ನು ನೆನಪಿಸುತ್ತವೆ. ಕೋಲಾರದ ದೊಡ್ಡಪೇಟೆ, ಅಮ್ಮವಾರಿಪೇಟೆಗಳ ಹೆಸರುಗಳಲ್ಲಿಯೂ ಅದೇ ಪರಂಪರೆಯ ದನಿಯಿದೆ. ಹಿಂದಿನ ಪೇಟೆಬೀದಿಗಳ ಅಗಲವನ್ನು ನಿರ್ಧರಿಸಿದವು ಕಾಲ್ನಡಿಗೆ ಮತ್ತು ಎತ್ತಿನ ಗಾಡಿ.

ಕೋಲಾರ ಜಿಲ್ಲೆಯ ವ್ಯಾಪಾರದಲ್ಲಿ ಎರಡು ಬಗೆಗಳಿವೆ. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯ ಟೊಮೇಟೊ, ಶ್ರೀನಿವಾಸಪುರದ ಮಾವು ಲಾರಿಗಳಲ್ಲಿ ಹೊರರಾಜ್ಯಗಳಿಗೆ ಸಾಗುತ್ತವೆ. ಈ ಸಗಟು ವ್ಯಾಪಾರಕ್ಕೆ ವಿಶಾಲವಾದ ಪ್ರಾಂಗಣವೂ ಹೆದ್ದಾರಿಯೂ ಬೇಕು. ಆದರೆ ಫಸಲು ಮಾರಿದ ರೈತನು ಪೇಟೆಗೆ ಬಂದಾಗ ನಡೆಯುವುದು ಚಿಲ್ಲರೆ ವ್ಯಾಪಾರ. ಮಗಳಿಗೆ ಬಟ್ಟೆ ಕೊಳ್ಳಲು ಹೊರಟವನು ದಾರಿಯಲ್ಲಿ ಪಾತ್ರೆಯಂಗಡಿಯನ್ನು ಕಂಡು ನಿಲ್ಲುತ್ತಾನೆ. ಹೂವಾಡಗಿತ್ತಿಯ ಬಳಿ ಒಂದು ಮೊಳ ಹೂ ಕೊಳ್ಳುತ್ತಾನೆ. ವಾಹನದಲ್ಲಿ ಧಾವಿಸುವವನಿಗೆ ಇವು ಯಾವುವೂ ಕಾಣುವುದಿಲ್ಲ. ಚಿಲ್ಲರೆ ವ್ಯಾಪಾರಿಯ ಅನ್ನ ಪಾದಚಾರಿಯ ಹೆಜ್ಜೆಯಲ್ಲಿದೆ.

ವಾಹನಗಳು ಹೆಚ್ಚಿದಂತೆ ಕಾಲುದಾರಿಗಳು ಅವುಗಳ ನಿಲ್ದಾಣಗಳಾಗುತ್ತವೆ. ಮುದುಕರೂ ಮಕ್ಕಳೂ ರಸ್ತೆಗಿಳಿದು ಪ್ರಾಣಭಯದಿಂದ ನಡೆಯಬೇಕಾಗುತ್ತದೆ. ಆಗ ಮೊದಲು ತೋರುವ ಪರಿಹಾರ ರಸ್ತೆಯ ವಿಸ್ತರಣೆ. ಅದರಿಂದ ಹಳೆಯ ಅಂಗಡಿಗಳು ಕೆಡವಲ್ಪಡುತ್ತವೆ. ಅಗಲಗೊಂಡ ರಸ್ತೆಯೂ ಕೆಲವೇ ವರ್ಷಗಳಲ್ಲಿ ಮತ್ತೆ ವಾಹನಗಳಿಂದ ತುಂಬಿಹೋಗುವುದುಂಟು.

ಬೇರೊಂದು ಮಾರ್ಗವನ್ನು ಹಿಡಿದ ನಗರಗಳೂ ಇವೆ. 1962ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವು ತನ್ನ ಮುಖ್ಯ ವ್ಯಾಪಾರಬೀದಿಯಾದ ಸ್ಟ್ರೋಯೆಟ್‌ಗೆ ವಾಹನಗಳ ಪ್ರವೇಶವನ್ನು ನಿಲ್ಲಿಸಿತು. ಗಿರಾಕಿಗಳು ಬಾರದೆ ಹೋದಾರೆಂದು ವರ್ತಕರು ಅಂಜಿದರು. ಆದರೆ ಜನ ನಡೆದೇ ಬಂದರು, ವ್ಯಾಪಾರ ಕುದುರಿತು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನ ಬೀದಿಯಾಗಿ ಹೊಸ ರೂಪ ಪಡೆಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅದನ್ನು ಪಾದಚಾರಿಗಳಿಗೇ ಬಿಟ್ಟುಕೊಡಲಾಗಿತ್ತು.

ಇಂತಹ ವ್ಯವಸ್ಥೆಗೆ ಕಾನೂನಿನ ಬೆಂಬಲವೂ ಉಂಟು. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಊರಿನ ಯಾವ ಭಾಗದಲ್ಲಿ ವಾಸ, ಎಲ್ಲಿ ವ್ಯಾಪಾರ, ರಸ್ತೆ ಹೇಗೆ ಎಂಬುದನ್ನು ಮುಂದಾಲೋಚನೆಯಿಂದ ಗೊತ್ತುಪಡಿಸಲು ಅದು ಅವಕಾಶ ನೀಡುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡ 40ಕ್ಕೆ ಕಡಿಮೆಯಿರಬಾರದು. ತಳ್ಳುಗಾಡಿಯವನನ್ನು ಓಡಿಸುವ ಬದಲು ಅವನಿಗೊಂದು ಸ್ಥಳ ಗೊತ್ತುಮಾಡಬೇಕೆಂಬುದೇ ಇದರ ಆಶಯ.

ಹೆದ್ದಾರಿಯ ಮಗ್ಗುಲಿನ ಮುಳಬಾಗಿಲಿಗೂ ರೈಲುನಿಲ್ದಾಣವಿರುವ ಮಾಲೂರಿಗೂ ಒಂದೇ ಅಳತೆಯ ಯೋಜನೆ ಒಪ್ಪಲಾರದು. ಆದರೂ ಕೆಲವು ಅಗತ್ಯಗಳು ಎಲ್ಲೆಡೆಯೂ ಸಮಾನ: ತಡೆಯಿಲ್ಲದ ಕಾಲುದಾರಿ, ನೆರಳು ನೀಡುವ ಮರ, ರಾತ್ರಿಯಲ್ಲಿ ಬೆಳಕು, ವಾಹನಗಳಿಗೆ ಪೇಟೆಯ ಅಂಚಿನಲ್ಲಿ ತಂಗುದಾಣ, ಸರಕು ಇಳಿಸಲು ಬೆಳಗಿನ ಜಾವದ ವೇಳೆ.

ವೃದ್ಧೆಯೊಬ್ಬಳು ಕೈಚೀಲ ಹಿಡಿದು ಬಸ್ ನಿಲ್ದಾಣದಿಂದ ಪೇಟೆಗೆ ನಿರ್ಭಯವಾಗಿ ನಡೆದುಹೋಗಿ ಮರಳಬಲ್ಲಳೇ? ನಗರ ಯೋಜನೆಯ ಒಳಿತನ್ನು ಅಳೆಯಲು ಇದಕ್ಕಿಂತ ಸರಳವಾದ ಒರೆಗಲ್ಲು ಬೇಕಿಲ್ಲ.