ದುರ್ಬೀನಿನ ಮೇಲಿನ ಎರಡು ಅಂಕಿಗಳು

ವಸ್ತುಪ್ರದರ್ಶನಗಳಲ್ಲಿ ಹೊಸ ದುರ್ಬೀನುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ‘ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?’ ಎಂಬುದೇ ನಾವೆಲ್ಲರೂ ಕೇಳುವ ಮೊದಲ ಪ್ರಶ್ನೆ. ಅದೊಂದನ್ನೇ ಕೇಳಿ ಹಣ ಕೊಡುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ.

ದುರ್ಬೀನಿನ ಮೇಲೆ ‘8×42’ ಎಂದಿದ್ದರೆ ಮೊದಲನೆಯ ಅಂಕಿ ಎಷ್ಟು ಪಟ್ಟು ಎಂಬುದು. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25 ಬರುತ್ತದೆ. ಕಣ್ಣಿಗೆ ಬಂದು ತಲುಪುವ ಬೆಳಕಿನ ಕೋಲಿನ ದಪ್ಪವೇ ಇದು. ‘10×25’ರಲ್ಲಿ ಅದು 2.5 ಮಾತ್ರ.

ನಡುಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ. ಆದುದರಿಂದ ಈ ಭೇದವು ಅಷ್ಟಾಗಿ ತಿಳಿಯದು. ಮಸುಕು ಬೆಳಕಿನಲ್ಲಿ ಪಾಪೆ ಅರಳುತ್ತದೆ. ಆಗ 2.5ರ ದುರ್ಬೀನು ಅದನ್ನು ತುಂಬಲಾರದು; ನೋಟ ಮಂಕಾಗುತ್ತದೆ. ಮೇಲಾಗಿ, ಹತ್ತು ಪಟ್ಟು ಹಿಗ್ಗುವುದು ಹಕ್ಕಿಯೊಂದೇ ಅಲ್ಲ, ನಮ್ಮ ಕೈಯ ನಡುಕವೂ ಹೌದು.

ನಾನು ಸುಲೇಪೇಟದವನು. ನಮ್ಮ ಚಿಂಚೋಳಿ ತಾಲೂಕಿನ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಕಾಡಿನ ಪ್ರಾಣಿಗಳಲ್ಲಿ ಹಲವು ಹೊರಬೀಳುವುದು ನಸುಕಿನಲ್ಲಿ, ಇಲ್ಲವೆ ಮುಸ್ಸಂಜೆಯಲ್ಲಿ. ಅಂಥ ಹೊತ್ತಿಗೆ ನೆರವಾಗದ ದುರ್ಬೀನು ನಮಗೆ ಏತಕ್ಕೆ? ಮಳಿಗೆಯ ವಿದ್ಯುದ್ದೀಪದ ಕೆಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಮಳಿಗೆಯವರನ್ನು ಕೇಳಿ ಹೊರಗೆ ತಂದು, ಮರದ ನೆರಳಿನ ಕಡೆಗೆ ಹಿಡಿದು ನೋಡಬೇಕು. ಸೂರ್ಯನ ಕಡೆಗೆ ಮಾತ್ರ ಎಂದಿಗೂ ಹಿಡಿಯಬಾರದು, ಕಣ್ಣೇ ಹೋದೀತು.

ಮಸೂರದ ಗುಣವನ್ನೂ ನೋಡಬೇಕೆಂಬುದು ನಿಜ. ಆದರೆ ವಿದ್ಯಾರ್ಥಿಯು ಕೂಡಿಟ್ಟ ಹಣ ಚಿಕ್ಕದು. ಆದುದರಿಂದ ಮಿತ್ರರೇ, ಮೊದಲು ಭಾಗಾಕಾರ ಮಾಡಿರಿ, ಆಮೇಲೆ ಬೆಲೆ ಕೇಳಿರಿ.